ಅಜ್ಜಿಯ ಬಾಯಿಗೆ ಹಾಲು

ಕೆಲಮಂಗಲದ ಅಜ್ಜಿ ಮತ್ತೊಮ್ಮೆ ಟ್ಯೂಬ್ ಕಿತ್ತು ಹಾಕಿದ ಬೆಳಿಗ್ಗೆ ನನಗೆ ಸಿಟ್ಟು ಬಂದದ್ದು ಅಜ್ಜಿಯ ಮೇಲಲ್ಲ, ಟ್ಯೂಬಿನ ಮೇಲೆ. ಮೂಗಿನಿಂದ ಹೊಟ್ಟೆಗೆ ಇಳಿಸುವ ಆ ರಬ್ಬರ್ ಕೊಳವೆಯನ್ನು ಹಾಕುವುದರಲ್ಲಿ ನನ್ನ ಕೈ ಪಳಗಿತ್ತು. ತುದಿಗೆ ಗ್ಲಿಸರಿನ್ ಸವರಿ, ತಲೆ ಮುಂದಕ್ಕೆ ಬಾಗಿಸಿ, ನುಂಗಿದ ಹೊತ್ತಿಗೆ ಸರಿಯಾಗಿ ತಳ್ಳಿ, ಸಿರಿಂಜಿನಿಂದ ಗಾಳಿ ಬಿಟ್ಟು, ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳಿಸಿಕೊಂಡ ಮೇಲೇ ಸೋಸಿದ ಗಂಜಿ ಬಿಡುತ್ತಿದ್ದೆ. ಅಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ್ದನ್ನು ಅಜ್ಜಿ ಸೊಪ್ಪಿನಿಂದ ಕಡ್ಡಿ ಎಳೆದಷ್ಟು ಸಲೀಸಾಗಿ ಎಳೆದು ಮಂಚದ ಕೆಳಗೆ ಎಸೆಯುತ್ತಿದ್ದರು. ಹಾಗಾಗಿ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟುತ್ತಿದ್ದೆವು. ಎಲ್ಲ ಕಡೆಯೂ ಅದೇ ಪದ್ಧತಿ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹೊಸೂರಿನಿಂದ ಮತ್ತಿಗಿರಿಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ವೃದ್ಧಾಶ್ರಮ ನಮ್ಮದು. ಮುಂದಿನ ಕಟ್ಟಡದಲ್ಲಿ ಪೇಪರ್ ಓದುವ, ಕಾಫಿಗೆ ಸಕ್ಕರೆ ಸಾಲದೆಂದು ಜಗಳ ತೆಗೆಯುವ ಗಟ್ಟಿ ಮುದುಕರು. ಹಿಂದಿನ ವಾರ್ಡಿನಲ್ಲಿ ನೆನಪು ಮಾಸಿದವರು. ಅದನ್ನು ಡಾಕ್ಟರು ಡಿಮೆನ್ಷಿಯಾ ಎಂದು ಬರೆಯುತ್ತಿದ್ದರು, ಮನೆಯವರು ಅರಳುಮರಳು ಎನ್ನುತ್ತಿದ್ದರು. ಆ ಹಿಂದಿನ ವಾರ್ಡಿಗೆ ನಾನು ಸಿಸ್ಟರ್. ಅಲ್ಲಿಗೆ ಕೆಲಸಕ್ಕೆ ಬರಲು ಯಾರೂ ಮುಗಿಬೀಳುತ್ತಿರಲಿಲ್ಲ, ನಾನು ಮಾತ್ರ ಕೇಳಿ ಹಾಕಿಸಿಕೊಂಡಿದ್ದೆ. ನನ್ನ ಮಾತಿಗೆ ಎದುರಾಡುವವರಿಲ್ಲದ ಜಾಗ ಅದೊಂದೇ ಎಂದು ನಮ್ಮ ಆಯಾ ಗೇಲಿ ಮಾಡುತ್ತಿದ್ದಳು.

ಅಜ್ಜಿ ಕೆಲಮಂಗಲದ ಕಡೆಯ ಹಳ್ಳಿಯವರು. ಮಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತ ಉಳಿದ ಹೊತ್ತಿನಲ್ಲಿ ಹೊಲ ನೋಡಿಕೊಳ್ಳುತ್ತಿದ್ದ. ಬೆಳಗಾದರೆ ಸಾಕು, ತವರಿಗೆ ಹೋಗಬೇಕು ಎಂದು ಅಜ್ಜಿ ಮನೆ ಬಿಟ್ಟು ಹೊರಡುತ್ತಿದ್ದರಂತೆ. ಕೊನೆಗೊಮ್ಮೆ ಬಾವಿಯ ಕಟ್ಟೆಯ ಮೇಲೆ ಸಿಕ್ಕಿದಾಗ ಮಗ ಹೆದರಿ ನಮ್ಮಲ್ಲಿಗೆ ಕರೆತಂದ. ಬಂದ ಹೊಸದರಲ್ಲಿ ಅಜ್ಜಿ ವಾರ್ಡಿನಲ್ಲಿದ್ದ ಎಲ್ಲರನ್ನೂ ಉಂಡಿರಾ ಎಂದು ವಿಚಾರಿಸುತ್ತಿದ್ದರು. ಆಮೇಲೆ ಆ ಮಾತೂ ಹೋಯಿತು. ಉಣ್ಣಿಸಿದರೆ ಕೆಮ್ಮು ಹತ್ತಿ, ಗಂಜಿ ಬಟ್ಟೆಯ ಮೇಲೆ ಚೆಲ್ಲಿ, ಮೈ ಇಳಿದುಹೋಯಿತು. ಟ್ಯೂಬ್ ಹಾಕಿ ಎಂದು ಡಾಕ್ಟರು ಬರೆದದ್ದು ಆಗಲೇ.

ಆ ಬೆಳಿಗ್ಗೆ ನಾನು ಟ್ಯೂಬನ್ನು ಮತ್ತೆ ಹಾಕಿ ಕೈ ಕಟ್ಟಿದ ಮೇಲೆ, ವಾರದ ರಜೆಗೆ ಬಂದ ಮಗ ತಾಯಿಯ ಕೈ ನೋಡಿದ. ಮಣಿಕಟ್ಟಿನ ಚರ್ಮ ಉಜ್ಜಿ ಕೆಂಪಾಗಿತ್ತು. ಅವನು ನನ್ನನ್ನು ಕೇಳದೆ ಗಂಟು ಬಿಚ್ಚತೊಡಗಿದ.

"ಬಿಚ್ಚಬೇಡಿ, ಟ್ಯೂಬ್ ಕಿತ್ತುಬಿಡ್ತಾರೆ" ಎಂದೆ.

"ಕೀಳ್ಲಿ ಬುಡಿ ಸಿಸ್ಟರಮ್ಮ. ಕಳ್ಳರ್ನ ಕಟ್ದಂಗೆ ಕಟ್ಟಿದ್ದೀರಲ್ಲ. ನಮ್ಮವ್ವ ಏನ್ ಕದ್ದವ್ಳೆ?"

"ಊಟ ಹೋಗಬೇಕಲ್ಲಪ್ಪ. ಬಾಯಲ್ಲಿ ಕೊಟ್ಟರೆ ಕೆಮ್ಮು ಬರುತ್ತೆ."

ಅವನು ಗಂಟು ಬಿಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ಅದೇ ನಂಗೂ ಭಯ. ಊರಾಗೆ ಯಾರ್ ಬಂದ್ರೂ ಇಕ್ಕಿ ಕಳಿಸ್ತಿದ್ದೋಳು ನಮ್ಮವ್ವ. ಅವ್ಳೇ ಹೊಟ್ಟೆಗಿಲ್ದೆ ಸತ್ಲು ಅಂತ ಆದ್ರೆ ನಾನ್ ತಲೆ ಎತ್ಕೊಂಡು ಓಡಾಡಕಾದದಾ? ಕಟ್ಲೂ ಬಾರದು, ಹಸ್ದೂ ಇರಬಾರದು. ಅದೆಂಗೆ ಮಾಡ್ತೀರೋ ನೀವೇ ಹೇಳಿ."

ಹೇಳುವುದೇನು, ಮಾಡಿ ತೋರಿಸುತ್ತೇನೆ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದು, ಆಗುವುದಿಲ್ಲ ಎಂದರೆ ನನಗೆ ಮೈಯೆಲ್ಲ ಹುರುಪು ಬರುತ್ತದೆ. ಟ್ಯೂಬ್ ತೆಗೆದು, ಆ ದಿನದ ಮಟ್ಟಿಗೆ ಮತ್ತೆ ಹಾಕಲಿಲ್ಲ. ಆಯಾಳನ್ನು ಕರೆದು, ಅಜ್ಜಿಗೆ ಉಣ್ಣಿಸುವುದನ್ನು ಮೊದಲಿನಿಂದ ನನ್ನ ಕಣ್ಣೆದುರೇ ಮಾಡು ಎಂದೆ. ಅವಳು ಎಂದಿನಂತೆ ಅಜ್ಜಿಯ ತಲೆಗೆ ಎರಡು ದಿಂಬು ಕೊಟ್ಟು, ಅರೆ ಮಲಗಿದ ಹಾಗೆಯೇ ಲೋಟದ ಗಂಜಿಯನ್ನು ಬಾಯಿಗೆ ಹಿಡಿದಳು. ಗುಟುಕು ಒಳಗೆ ಹೋಗುತ್ತಲೇ ಕೆಮ್ಮು. ಗಂಜಿಯೆಂದರೆ ನಮ್ಮಲ್ಲಿ ಬಹುಪಾಲು ನೀರೇ. ನೀರು ನಾಲಿಗೆಯ ಮೇಲೆ ನಿಲ್ಲುವುದಿಲ್ಲ, ಅಜ್ಜಿ ನುಂಗಲು ಸಿದ್ಧವಾಗುವ ಮೊದಲೇ ಗಂಟಲಿಗೆ ನುಗ್ಗಿ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಆಯಾಳ ತಪ್ಪೇನಿಲ್ಲ. ನುಂಗಲು ಕಷ್ಟಪಡುವವರಿಗೆ ತೆಳ್ಳಗಿನದೇ ಸುಲಭ ಎಂದು ನಾವೆಲ್ಲರೂ ನಂಬಿದ್ದೆವು.

ಗಟ್ಟಿಯಾದದ್ದು ಕೊಟ್ಟು ನೋಡಬೇಕು. ಆದರೆ ಅಜ್ಜಿಗೆ ಹಲ್ಲಿಲ್ಲ, ಅಗಿಯುವುದೂ ಮರೆತುಹೋಗಿದೆ. ಅಗಿಯದೆ ತಿನ್ನುವ ಊಟ ಯಾವುದು ಎಂದು ಯೋಚಿಸುತ್ತ ನಿಂತಿದ್ದಾಗ ನನಗೇ ನಗು ಬಂತು. ಹೊಸೂರಿನಲ್ಲಿ ಹುಟ್ಟಿ ಬೆಳೆದವಳು, ಮೂರು ಹೊತ್ತೂ ಮುದ್ದೆ ಉಂಡವಳು, ಇದನ್ನು ಯೋಚಿಸಬೇಕಾಯಿತಲ್ಲ! ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದೇ. ಆಶ್ರಮದಲ್ಲಿ ಕಾಯಿಲೆಯವರಿಗೆ ಮುದ್ದೆ ಕೊಡುತ್ತಿರಲಿಲ್ಲ. ಅದು ಭಾರದ ಊಟ, ಗಂಜಿಯೇ ಪಥ್ಯ ಎಂಬುದು ಅಡುಗೆಮನೆಯ ಕಾನೂನು.

ಮುದ್ದೆಯನ್ನು ಮೆತ್ತಗೆ, ಗಂಟಿಲ್ಲದಂತೆ ತಿರುವಿಸಿದೆ. ಸಾರಿಗೆ ಬೇಳೆಯನ್ನು ನುಣ್ಣಗೆ ಮಸೆದು ಹಾಕಿಸಿದೆ. ಅಜ್ಜಿಯನ್ನು ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕಾಲು ನೆಲಕ್ಕೆ ತಾಗಿಸಿ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟೆ. ಮೊದಲ ದಿನ ಏನೂ ಆಗಲಿಲ್ಲ, ಅಜ್ಜಿ ತಟ್ಟೆಯನ್ನು ನೋಡುತ್ತ ಕೂತರು. ಮರುದಿನವೂ ಅಷ್ಟೇ, ಸಂಜೆ ಟ್ಯೂಬಿನಲ್ಲೇ ಗಂಜಿ ಬಿಡಬೇಕಾಯಿತು. ಆಮೇಲೆ ಒಂದು ಮಧ್ಯಾಹ್ನ ಅಜ್ಜಿಯ ಬಲಗೈಯನ್ನು ಹಿಡಿದು ಬಿಸಿ ಮುದ್ದೆಯ ಮೇಲೆ ಇಟ್ಟೆ. ಕೈಗೆ ಬಿಸಿ ತಾಗಿದ್ದೇ ತಡ, ಬೆರಳುಗಳು ತಾವಾಗಿಯೇ ಕೆಲಸ ಶುರು ಮಾಡಿದವು. ಮುರಿದರು, ಹೊರಳಿಸಿದರು, ಸಾರಿಗೆ ಅದ್ದಿದರು. ಬಾಯಿಗೆ ಒಯ್ಯುವುದು ಮಾತ್ರ ಮರೆತಿತ್ತು. ಮೊಣಕೈಗೆ ನಾನು ಸ್ವಲ್ಪ ಒತ್ತು ಕೊಟ್ಟೆ. ಗಲ್ಲ ಕೆಳಗೆ ಬಾಗಿತು, ತುತ್ತು ಒಳಗೆ ಹೋಯಿತು, ಕೆಮ್ಮು ಬರಲಿಲ್ಲ.

"ಅಕ್ಕಾ, ನುಂಗ್ಬುಟ್ರು!" ಎಂದು ಆಯಾ ಕೂಗಿದಳು. ವಾರ್ಡಿನಲ್ಲಿ ಕೂಗಬಾರದೆಂದು ನಾನೇ ಮಾಡಿದ ಕಟ್ಟಳೆ ಇತ್ತು, ಆದರೆ ಬೈಯಲಿಲ್ಲ.

ಡಾಕ್ಟರು ಕೃಷ್ಣಗಿರಿಯಿಂದ ವಾರಕ್ಕೆರಡು ಸಲ ಬರುತ್ತಿದ್ದರು. ನಿವೃತ್ತರಾದ ಮೇಲೂ ಟೈ ಬಿಡದ ಹಿರಿಯರು, ತಮಿಳರು, ನಮ್ಮೊಂದಿಗೆ ಅರ್ಧ ಕನ್ನಡ ಅರ್ಧ ತಮಿಳು. "ಟ್ಯೂಬ್ ತೆಗೆದ್ರೆ ಸಾಪ್ಪಾಡು ಹೆಂಗಮ್ಮಾ ಹೋಗುತ್ತೆ?" ಎಂದು ಗದರಿದರು. ನಾನು ವಾದಕ್ಕೆ ನಿಲ್ಲದೆ ತಟ್ಟೆ ತರಿಸಿ, ಅವರೆದುರೇ ಅಜ್ಜಿಯನ್ನು ಕೂರಿಸಿದೆ. ಅಜ್ಜಿ ಒಂದು ತುತ್ತು ನುಂಗಿ, ಎರಡನೆಯದನ್ನು ಮುರಿದು ಉಂಡೆ ಮಾಡಿ ಡಾಕ್ಟರ ಕಡೆ ಚಾಚಿದರು. ಡಾಕ್ಟರು ಗಾಬರಿಯಾಗಿ ಟೈ ಹಿಡಿದುಕೊಂಡು ಹಿಂದೆ ಸರಿದರು. ಆಮೇಲೆ ನಕ್ಕು, "ಸರಿ ಸಿಸ್ಟರ್, ನೀಂಗಳೇ ಪಾತ್ತುಕೋಂಗ" ಎಂದರು. ನೀವೇ ನೋಡಿಕೊಳ್ಳಿ ಎಂದರೆ ನನಗೆ ಅಷ್ಟೇ ಸಾಕಿತ್ತು.

ಅಲ್ಲಿಂದ ವಾರ್ಡಿನ ಊಟದ ಪದ್ಧತಿಯನ್ನೇ ಬದಲಾಯಿಸಿದೆ. ಮಲಗಿಸಿ ಉಣ್ಣಿಸುವುದು ನಿಂತಿತು. ಒಬ್ಬರಿಗೆ ದಿನವೂ ಒಬ್ಬರೇ ಉಣ್ಣಿಸಬೇಕು, ನಿಂತು ಉಣ್ಣಿಸಬಾರದು, ಎದುರು ಕೂತೇ ಉಣ್ಣಿಸಬೇಕು. ಗಂಟಲ ಮಣಿ ಮೇಲೇರಿ ಇಳಿದದ್ದನ್ನು ನೋಡಿದ ಮೇಲೆ ಮುಂದಿನ ತುತ್ತು. ಬೇಡವೆಂದು ಮುಖ ತಿರುಗಿಸಿದರೆ ಬಲವಂತ ಇಲ್ಲ, ಅರ್ಧ ಗಂಟೆ ಬಿಟ್ಟು ಮತ್ತೆ. ಅಡುಗೆಯವರು ಗೊಣಗಿದರು, ಆಯಾಗಳೂ ಗೊಣಗಿದರು. ನಾನು ಗೊಣಗುವುದನ್ನು ಕೇಳಿಸಿಕೊಳ್ಳುವವಳಲ್ಲ. ಆ ಮಾವಿನ ಕಾಲವೆಲ್ಲ ಅಜ್ಜಿ ಉಂಡರು. ಮಗ ಬಂದಾಗ ತಾನೇ ಎದುರು ಕೂತು ಮೊಣಕೈ ಹಿಡಿಯುತ್ತಿದ್ದ. ಕೈ ಕಟ್ಟುವ ಬಟ್ಟೆಯನ್ನು ನಾವು ನೆಲ ಒರೆಸಲು ಬಳಸಿದೆವು.

ಅರಳುಮರಳಿಗೆ ಮುದ್ದೆ ಮದ್ದಲ್ಲ, ಅದು ನನಗೆ ಗೊತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿಯ ಬೆರಳುಗಳಿಗೂ ಮರೆವು ಬಂತು. ಬಿಸಿ ಮುದ್ದೆ ಮುಟ್ಟಿಸಿದರೂ ಕೈ ಸುಮ್ಮನಿರುತ್ತಿತ್ತು. ನಾವು ಚಮಚದಲ್ಲಿ ಕೊಟ್ಟದ್ದು ಬಾಯಲ್ಲೇ ಉಳಿಯುತ್ತಿತ್ತು. ದಿನದ ಬಹುಭಾಗ ನಿದ್ದೆ. ಮಗನನ್ನು ಕರೆಸಿ ಕೂರಿಸಿಕೊಂಡು ಹೇಳಿದೆ. "ನೋಡಪ್ಪ, ಊಟ ಬಿಟ್ಟಿದ್ದಕ್ಕೆ ಸಾಯ್ತಾರೆ ಅಂತಲ್ಲ. ಸಾಯುವ ಕಾಲ ಬಂದಿದೆ, ಅದಕ್ಕೆ ಊಟ ಬಿಟ್ಟಿದ್ದಾರೆ. ಈಗ ಅವರಿಗೆ ಹಸಿವೇ ಇಲ್ಲ."

ಅವನು ತಲೆಯಾಡಿಸಿದ, ಆದರೆ ನಂಬಲಿಲ್ಲ. "ಹಸಿವಿಲ್ಲ ಅಂತ ನಿಮಗೆ ಯಾರ್ ಹೇಳಿದ್ರು? ಅವ್ಳು ಹೇಳಿದ್ಳಾ?" ಎಂದ.

ಸುದ್ದಿ ಊರಿಗೆ ಹೋಯಿತು, ನೆಂಟರು ಬರತೊಡಗಿದರು. ನನ್ನ ನಿಜವಾದ ತಲೆನೋವು ಅಲ್ಲಿ ಶುರುವಾಯಿತು. ನಮ್ಮ ಕಡೆ ಪ್ರಾಣ ಹೋಗುವ ಹೊತ್ತಿಗೆ ಮಕ್ಕಳು, ಒಡಹುಟ್ಟಿದವರು ಬಾಯಿಗೆ ಹಾಲು ಬಿಡಬೇಕು. ಯಾರದೋ ಕೈಯ ಹಾಲಿಗಾಗಿ ಜೀವ ಕಾಯುತ್ತಿರುತ್ತದೆ, ಅದು ಸಿಕ್ಕರೆ ಸುಖವಾಗಿ ಹೋಗುತ್ತದೆ ಎಂದು ನಂಬಿಕೆ. ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜನ ಹಾಲನ್ನು ಮೊದಲೇ ತಂದುಬಿಡುತ್ತಿದ್ದರು. ಹಿಂದಿನ ವರ್ಷ ನಮ್ಮ ವಾರ್ಡಿನ ಒಬ್ಬ ತಾತನಿಗೆ ಹೀಗೇ ನೆಂಟರೆಲ್ಲ ಸಾಲಾಗಿ ನಿಂತು ಹಾಲು ಬಿಟ್ಟರು. ಮಲಗಿದವರ ಬಾಯಿಗೆ ಬಿಟ್ಟ ಹಾಲು ಶ್ವಾಸಕೋಶಕ್ಕೆ ಇಳಿದು, ತಾತ ಉಸಿರಿಗಾಗಿ ಒದ್ದಾಡಿ ಹೋದರು. ನೆಂಟರು ಮಾತ್ರ ಹಾಲು ಮುಟ್ಟಿತು, ಜೀವ ಹೋಯಿತು ಎಂದು ಸಮಾಧಾನದಿಂದ ಕೈ ಮುಗಿದರು. ಅಂದಿನಿಂದ ವಾರ್ಡಿಗೆ ಹಾಲು ತರಬಾರದೆಂದು ಕಟ್ಟುನಿಟ್ಟು ಮಾಡಿದ್ದೆ.

ಕಟ್ಟುನಿಟ್ಟಿನ ಫಲ ಏನೆಂದರೆ ಜನ ಹಾಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಂದರು. ಅಜ್ಜಿಯ ತಂಗಿ ರಾಯಕೋಟೆಯಿಂದ ಬಂದಿದ್ದರು, ಅವರೂ ಮುದುಕಿಯೇ, ಆದರೆ ಗಟ್ಟಿಗಿತ್ತಿ. ಆಯಾ ಬಕೆಟ್ ತರಲು ಹೋದ ಸಂದಿನಲ್ಲಿ ಅಕ್ಕನ ಬಾಯಿಗೆ ತುಪ್ಪ ಬಡಿಸುವ ಮಿಳ್ಳೆಯಲ್ಲಿ ಒಂದು ಮಿಳ್ಳೆಯಷ್ಟು ಹಾಲು ಬಿಟ್ಟೇಬಿಟ್ಟರು. ನಾನು ಓಡಿ ಬರುವಷ್ಟರಲ್ಲಿ ಅಜ್ಜಿಯ ಮುಖ ನೀಲಿಯಾಗುತ್ತಿತ್ತು. ಪಕ್ಕಕ್ಕೆ ಹೊರಳಿಸಿ, ಬೆನ್ನು ತಟ್ಟಿ, ಬೆರಳಿಗೆ ಬಟ್ಟೆ ಸುತ್ತಿ ಬಾಯಿ ಬಳಿದು, ಕಫ ಎಳೆಯುವ ಪಂಪಿನಿಂದ ಹಾಲನ್ನು ಎಳೆದು ಹೇಗೋ ಉಳಿಸಿಕೊಂಡೆವು. ನಾನು ಆ ಮುದುಕಿಯ ಮೇಲೆ ಹರಿಹಾಯ್ದೆ.

"ನಮ್ಮಕ್ಕನ್ನ ಸಾಯ್ಸಕ್ ಬಂದೋಳೇನೇ ನಾನು?" ಎಂದು ಅವರೂ ಸೊಂಟಕ್ಕೆ ಕೈಯಿಟ್ಟರು. "ಕೊನೆ ಗುಟುಕು ಬುಡಕ್ಕೂ ನಿನ್ನ ಅಪ್ಪಣೆ ಬೇಕಾ? ನೀವ್ ಹೊಟ್ಟೆಗಿಕ್ಕಲ್ಲ, ಇಕ್ಕೋರ್ನ ಬುಡಲ್ಲ!"

ಮರುದಿನ ಅಜ್ಜಿಗೆ ಜ್ವರ ಏರಿತು, ಎದೆಯಲ್ಲಿ ಗೊರಗೊರ. ಡಾಕ್ಟರು ಇಂಜೆಕ್ಷನ್ ಬರೆದರು, ಬೆಂಗಳೂರಿನ ಆಸ್ಪತ್ರೆಗೆ ಕಳಿಸಿಬಿಡೋಣ ಎಂದರು. ಆಶ್ರಮದ ಕಾರ್ಯದರ್ಶಿಗಳಿಗೂ ಅದೇ ಬೇಕಿತ್ತು, ಇಲ್ಲಿ ಯಾರೂ ಸಾಯಬಾರದೆಂಬುದು ಅವರ ಆಸೆ. ನಾನು ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಮಗನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ.

"ಅಲ್ಲಿಗ್ ಹೋದ್ರೆ ಉಳೀತಾಳಾ?"

"ಜ್ವರ ಇಳಿದರೂ ಇಳಿಯಬಹುದು. ಊಟ ಮಾಡುವ ಹಾಗೆ ಆಗಲ್ಲ."

"ಟ್ಯೂಬ್ ಹಾಕ್ತಾರಾ?"

"ಹಾಕ್ತಾರೆ."

"ಕೈ ಕಟ್ತಾರಾ?"

"ಕಟ್ತಾರೆ."

"ಅಂಗಾದ್ರೆ ಬ್ಯಾಡ. ಇಲ್ಲೇ ಇರ್ಲಿ. ಆದ್ರೆ ಒಂದ್ ಮಾತು ಸಿಸ್ಟರಮ್ಮ, ಬರೀ ಬಾಯಾಗೆ ಕಳಿಸ್ಬ್ಯಾಡಿ. ನನ್ ಕೈಯಿಂದ ಏನಾದ್ರೂ ಒಂದೀಟು ಅವ್ಳಿಗೆ ಮುಟ್ಟಬೇಕು."

ಒಳಗೆ ಹೋಗಿ ಕಾರ್ಯದರ್ಶಿಗಳಿಗೆ, ಈ ಅಜ್ಜಿ ಇಲ್ಲೇ ಸಾಯುತ್ತಾರೆ, ಜವಾಬ್ದಾರಿ ನನ್ನದು ಎಂದೆ. ಅವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಟೈ ಸರಿಮಾಡಿಕೊಳ್ಳುತ್ತ, ಸಿಸ್ಟರ್ ಹೇಳಿದ ಹಾಗೆ ಆಗಲಿ ಎಂದರು. ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಹಾಲಿನ ಸಮಸ್ಯೆ ಹಾಗೇ ಇತ್ತು. ಬೇಡವೆಂದರೆ ಕದ್ದು ಬಿಡುತ್ತಾರೆ, ಬಿಡಿ ಎಂದರೆ ಅಜ್ಜಿ ಮುಳುಗಿ ಸಾಯುತ್ತಾರೆ.

ಜಗಳವಾಡಿದ ಆ ತಂಗಿಯನ್ನೇ ಹಿಡಿಯಬೇಕೆಂದು ತೀರ್ಮಾನಿಸಿದೆ. ನೆಂಟರೆಲ್ಲ ಅವರ ಮಾತಿಗೆ ಹೂಂ ಎನ್ನುವುದನ್ನು ನೋಡಿದ್ದೆ. ಖಾಲಿ ಮಂಚ ತೋರಿಸಿ, "ಚಿಕ್ಕಮ್ಮ, ಇಲ್ಲಿ ಸ್ವಲ್ಪ ಮಲಗಿ" ಎಂದೆ.

"ಯಾಕ್ ತಾಯಿ, ನನ್ನೂ ಸೇರಿಸ್ಕೊಂಬುಡ್ತೀಯಾ?" ಎಂದು ನಗುತ್ತಲೇ ಮಲಗಿದರು. ದಿಂಬು ತೆಗೆದು, ಗಲ್ಲ ಮೇಲೆತ್ತಿಸಿ, ಅಕ್ಕನಿಗೆ ಬಿಟ್ಟಿದ್ದರಲ್ಲ, ಅದರ ಅರ್ಧದಷ್ಟು ನೀರನ್ನು ಚಮಚದಲ್ಲಿ ಅವರ ಬಾಯಿಗೆ ಬಿಟ್ಟೆ. ಅಷ್ಟು ಗಟ್ಟಿ ಹೆಂಗಸು ಕೆಮ್ಮುತ್ತ ಎದ್ದು ಕೂತರು. ಕಣ್ಣಲ್ಲಿ ನೀರು ಬಂದಿತ್ತು.

"ನೀವು ಎದ್ದು ಕೂತಿರಿ. ಅವರಿಗೆ ಏಳಕ್ಕಾಗಲ್ಲ" ಎಂದೆ.

ಸೆರಗಿನಿಂದ ಬಾಯಿ ಒರೆಸಿಕೊಂಡು ಅಕ್ಕನ ಕಡೆ ನೋಡುತ್ತ ಕೂತರು. "ಅಯ್ಯೋ, ಇಷ್ಟ್ ಕಷ್ಟ ಕೊಟ್ನಾ ಅವ್ಳಿಗೆ" ಎಂದು ಅಳತೊಡಗಿದರು. ಪಕ್ಕದಲ್ಲಿ ಕೂತು, ಹಾಲು ಬೇಡ ಎನ್ನುತ್ತಿಲ್ಲ, ಬಟ್ಟೆ ಒದ್ದೆ ಮಾಡಿ ತುಟಿಗೆ ಮುಟ್ಟಿಸಿದರೆ ಆಗುವುದಿಲ್ಲವೇ ಎಂದು ಕೇಳಿದೆ.

"ಬಟ್ಟೇಲಿ ಒರ್ಸೋದು ಹಾಲು ಬುಟ್ಟಂಗಾದದಾ? ಯಾರೂ ಒಪ್ಪಲ್ಲ" ಎಂದರು. ಮತ್ತೆ ತಾವೇ, "ಬತ್ತಿ ಆದ್ರೆ ಸರಿ. ತಾಯಿಗೆ ಹಾಲಿಳೀದಿದ್ರೆ ಎಳೆಮಕ್ಳಿಗೆ ಬತ್ತೀಲಿ ತಾನೇ ಹಾಲು ಕೊಡಾದು? ಅದ್ನ ಯಾರೂ ಕೊಟ್ಟಂಗಲ್ಲ ಅಂತ ಅನ್ನಕಾಗಲ್ಲ" ಎಂದರು.

ಅಂಥದ್ದು ನನಗೂ ಹೊಳೆದಿರಲಿಲ್ಲ, ನನ್ನ ಪುಸ್ತಕಗಳಲ್ಲೂ ಇರಲಿಲ್ಲ. ಇಬ್ಬರೂ ಕೂತು ಮಾಡಿದೆವು. ನಾನು ಹತ್ತಿಯ ಸುರುಳಿ ತಂದೆ, ಅವರು ಕಿರುಬೆರಳ ದಪ್ಪಕ್ಕೆ ಬತ್ತಿ ಹೊಸೆದರು. ಹತ್ತಿ ಬಾಯಲ್ಲಿ ಬಿಟ್ಟುಕೊಳ್ಳುತ್ತದೆಂದು ನಾನು ಅದರ ಮೇಲೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಸುತ್ತಿ ದಾರ ಕಟ್ಟಿದೆ. ಹಾಲಿಗೆ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹಿಂಡಬೇಕು, ತೊಟ್ಟಿಕ್ಕಬಾರದು. ಅಜ್ಜಿಯ ತಲೆ ಪಕ್ಕಕ್ಕೆ ಹೊರಳಿರಬೇಕು. ಒಬ್ಬೊಬ್ಬರೂ ಒಂದೊಂದು ಬತ್ತಿ, ಕೆನ್ನೆಯ ಒಳಗೆ ಮುಟ್ಟಿಸಿ ತೆಗೆಯಬೇಕು. ನೆಂಟರಿಗೆ ಇದನ್ನೆಲ್ಲ ಹೇಳಿದ್ದು ನಾನಲ್ಲ, ಚಿಕ್ಕಮ್ಮ. "ಸುರಿದ್ರೆ ಕೈ ಮುರೀತೀನಿ ಕಣ್ಲಾ" ಎಂದು ಬಾಗಿಲಲ್ಲೇ ನಿಂತು ಗದರುತ್ತಿದ್ದರು. ಆ ಕೆಲವು ದಿನ ವಾರ್ಡಿನಲ್ಲಿ ನನ್ನ ದರ್ಬಾರು ಅವರ ಕೈಗೆ ಹೋಯಿತು.

ಇಂಜೆಕ್ಷನ್ನಿಗೆ ಜ್ವರ ಸ್ವಲ್ಪ ಇಳಿಯಿತು, ಎದೆಯ ಗೊರಗೊರ ಉಳಿಯಿತು. ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸಿದೆವು, ಬೆನ್ನಿಗೆ ಸ್ಪಿರಿಟ್ ಹಚ್ಚಿ ಪೌಡರ್ ಹಾಕಿದೆವು, ಒಣಗಿದ ನಾಲಿಗೆಗೆ ಗ್ಲಿಸರಿನ್ ಸವರಿದೆವು. ಬಿಚ್ಚಿದ ಕೈಗಳನ್ನು ಯಾರಾದರೊಬ್ಬರು ಹಿಡಿದುಕೊಂಡಿರುತ್ತಿದ್ದರು. ನೆಂಟರು ಬತ್ತಿ ಮುಟ್ಟಿಸಿದಾಗ ಅಜ್ಜಿ ಕಣ್ಣು ತೆರೆಯಲಿಲ್ಲ, ತುಟಿಯನ್ನೂ ಅಲುಗಿಸಲಿಲ್ಲ. ಮಗ ಮಾತ್ರ ಮುಟ್ಟಿಸಿರಲಿಲ್ಲ. ತಾನು ಕೊಟ್ಟರೆ ಅವ್ವ ಹೋಗಿಬಿಡುತ್ತಾಳೆಂದು ಮುಂದೂಡುತ್ತಿದ್ದಾನೆಂಬುದು ನಮಗೆಲ್ಲ ಗೊತ್ತಿತ್ತು, ಯಾರೂ ಒತ್ತಾಯಿಸಲಿಲ್ಲ.

ಒಂದು ಮಧ್ಯಾಹ್ನ ಉಸಿರಿನ ನಡುವೆ ತಡೆ ಬೀಳತೊಡಗಿತು, ಪಾದ ತಣ್ಣಗಾಯಿತು. ಮಗ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ಬಂದವನಿಗೆ, "ಇವತ್ತು ಕೊಡಪ್ಪ" ಎಂದೆ. ಅವನು ನಲ್ಲಿಯ ಹತ್ತಿರ ಕೈಯ ಗ್ರೀಸನ್ನು ಉಜ್ಜಿ ಉಜ್ಜಿ ತೊಳೆದು ಬಂದ. ಬತ್ತಿ ಅದ್ದಿ, ಹಿಂಡಿ, ತಾಯಿಯ ತುಟಿಯ ನಡುವೆ ಇಟ್ಟ.

ಅಜ್ಜಿಯ ತುಟಿ ಬತ್ತಿಯ ಸುತ್ತ ಮುಚ್ಚಿಕೊಂಡಿತು. ಕೆನ್ನೆ ಒಳಗೆ ಸರಿಯಿತು. ಅಜ್ಜಿ ಬತ್ತಿಯನ್ನು ಚೀಪಿದರು, ಬಿಟ್ಟರು, ಮತ್ತೆ ಚೀಪಿದರು. ಗಂಟಲ ಮಣಿ ಮೇಲೇರಿ ಇಳಿಯಿತು.

"ಕುಡೀತವ್ಳೆ" ಎಂದು ಮಗ ಪಿಸುಗುಟ್ಟಿದ. "ಚಿಕ್ಕವ್ವಾ, ನೋಡಿಲ್ಲಿ, ನಮ್ಮವ್ವ ಕುಡೀತವ್ಳೆ. ಅಲ್ವಾ ಸಿಸ್ಟರಮ್ಮ?"

ಮಿದುಳು ಸವೆದವರಲ್ಲಿ ಹಸುಗೂಸಿನ ಚೀಪುವ ಅಭ್ಯಾಸ ಕೊನೆಗೆ ಮರಳಿ ಬರುತ್ತದೆ, ತುಟಿಗೆ ಏನು ತಾಗಿದರೂ ಹಾಗಾಗಬಹುದು ಎಂದು ಓದಿದ್ದೆ. ಎಷ್ಟೋ ಮಂದಿಯ ಬತ್ತಿಗೆ ಆಗದೆ ಇವನದಕ್ಕೇ ಏಕೆ ಆಯಿತೆಂದು ನನಗೆ ಇವತ್ತಿಗೂ ತಿಳಿಯದು. "ಹೌದಪ್ಪ, ಕುಡೀತಿದ್ದಾರೆ" ಎಂದೆ.

ಬತ್ತಿ ಒಣಗಿದಾಗ ಅವನು ಮತ್ತೊಮ್ಮೆ ಅದ್ದಿ ಕೊಟ್ಟ. ಎರಡನೆಯ ಸಲ ತುಟಿ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು, ಕೆಮ್ಮಿಲ್ಲದೆ, ಒದ್ದಾಟವಿಲ್ಲದೆ. ಚಿಕ್ಕಮ್ಮ ಕಣ್ಣು ಮುಚ್ಚಿಸಿದರು. ಮಗ ಎದ್ದು ಹೊರಗೆ ಹೋದ. ಹುಣಸೆ ಮರದ ಕೆಳಗೆ ಊರಿನವರು ಕೂತಿದ್ದರು. ಅವನಿಗೆ ಅಳು ಬರುತ್ತಿತ್ತು, ಆದರೂ ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದ.

"ನಮ್ಮವ್ವ ಹಸ್ಕೊಂಡು ಹೋಗ್ಲಿಲ್ಲ ಕಣ್ರಪ್ಪೋ. ನನ್ ಕೈಯಾಗೆ ಕುಡ್ಕೊಂಡು ಹೋದ್ಲು."